ಮೈನೋಟದವನು ಅರ್ಧಕ್ಕೆ ಎದ್ದ ಸಿನಿಮಾ

ನಮ್ಮೂರಿನ ಟಾಕೀಸಿನಲ್ಲಿ ಸಿನಿಮಾ ನೋಡಿದವರಿಗೆ ನಟನಟಿಯರ ಮನೆಯ ವಿಚಾರ ಗೊತ್ತಿಲ್ಲದಿರಬಹುದು, ಅವರ ಬೆನ್ನು ಎಲ್ಲಿ ತುರಿಸುತ್ತಿತ್ತೆಂಬುದು ಮಾತ್ರ ಪಕ್ಕಾ ಗೊತ್ತು. ಪರದೆಯ ಮೇಲೆ ಯಾರ ಮುಖ ದೊಡ್ಡದಾಗಿ ಬರುತ್ತದೋ, ಚಿತ್ರ ತೆಗೆಯುವಾಗ ಅವರ ಮೈಗೆ ಏನಾಗಿತ್ತೋ, ಅದು ಕೆಳಗೆ ಕೂತ ನಮ್ಮ ಮೈಗೂ ಆಗುತ್ತದೆ. ಪಾತ್ರಕ್ಕೆ ಆದದ್ದಲ್ಲ, ಪಾತ್ರ ಮಾಡಿದವರಿಗೆ ಆದದ್ದು. ಇದರಲ್ಲಿ ದೊಡ್ಡ ವಿಶೇಷವೇನೂ ಇಲ್ಲ. ಬೇರೆ ಊರಿನ ಟಾಕೀಸುಗಳಲ್ಲಿ ತಿಗಣೆ ಇರುತ್ತವೆ, ನಮ್ಮಲ್ಲಿ ಇದು ಇದೆ.

ಬೆಟ್ಟ ಕಿತ್ತಿಡುವಂಥ ಹೀರೋ ಒಬ್ಬನೇ ಇಪ್ಪತ್ತು ಜನರನ್ನು ಹೊಡೆದು ಮಲಗಿಸುವಾಗ ಹೊರಗಿನವರು ಸಿಳ್ಳೆ ಹಾಕುತ್ತಾರೆ. ನಮಗೆ ಒಂದು ಗುದ್ದೂ ತಾಗುವುದಿಲ್ಲ, ಎಲ್ಲ ಗೇಣುದೂರದಲ್ಲಿ ಗಾಳಿಗೆ ಹೋದ ಗುದ್ದುಗಳು. ಆದರೆ ಅವನ ಪ್ಯಾಂಟು ಸೊಂಟಕ್ಕೆ ಎಷ್ಟು ಬಿಗಿಯೆಂದರೆ ಬಾಲ್ಕನಿಯಿಂದ ನೆಲದವರೆಗೆ ಎಲ್ಲರೂ ಬೆಲ್ಟು ಸಡಿಲಿಸುತ್ತೇವೆ, ಬೆಲ್ಟಿಲ್ಲದವರು ಲಾಡಿ. ಹಿಮದ ಬೆಟ್ಟದ ಮೇಲೆ ತೆಳ್ಳನೆ ಸೀರೆಯುಟ್ಟ ನಾಯಕಿ ನಗುನಗುತ್ತ ಹಾಡಿದರೆ ಇಲ್ಲಿ ನಮ್ಮ ಹಲ್ಲು ಕಟಕಟ ಅನ್ನುತ್ತವೆ. ಅಂಥ ಹಾಡಿಗೆ ಹೆಂಗಸರು ಕೌದಿ ಹೊತ್ತುಕೊಂಡೇ ಬರುತ್ತಾರೆ. ಪೌರಾಣಿಕ ಚಿತ್ರದಲ್ಲಿ ದೇವರ ಕಿರೀಟದ ಭಾರಕ್ಕೆ ಕುತ್ತಿಗೆ ಉಳುಕುತ್ತದೆ, ಮುದುಕಿಯರು ಅದನ್ನು ಪುಣ್ಯವೆಂದು ಎರಡೆರಡು ಸಲ ಉಳುಕಿಸಿಕೊಳ್ಳುತ್ತಾರೆ. ಮದುವೆ ಊಟದ ದೃಶ್ಯವಿದೆಯೆಂದು ಹಸಿದು ಬಂದವರು ಮೋಸ ಹೋದದ್ದುಂಟು: ಒಂದೇ ತುತ್ತು, ಅದೂ ತಂಗಳು. ಒಮ್ಮೆ ನಾಯಕ ತಾಯಿಯ ತೊಡೆಯ ಮೇಲೆ ಪ್ರಾಣ ಬಿಡುವಾಗ ಅವನ ಬನಿಯನ್ನಿನೊಳಗೆ ಇರುವೆ ಹೊಕ್ಕಿತ್ತು. ಮೇಲೆ ತಾಯಿ ಎದೆ ಬಡಿದುಕೊಂಡು ಅಳುತ್ತಿದ್ದಾಳೆ, ಕೆಳಗೆ ಆರುನೂರು ಜನ ಅಂಗಿಯೊಳಗೆ ಕೈ ಹಾಕಿ ಕುಣಿಯುತ್ತಿದ್ದೇವೆ. ಆ ನಟನ ಮೇಲೆ ನನಗೆ ಅಂದಿನಿಂದ ಬಹಳ ಗೌರವ. ಇರುವೆ ಕಚ್ಚುತ್ತಿದ್ದರೂ ಕದಲದೆ ಸತ್ತ ಪುಣ್ಯಾತ್ಮ.

ಇಂಥ ಊರಿನಲ್ಲಿ ಮೈನೋಟದವನು ಇಲ್ಲದೆ ಆಗುತ್ತದೆಯೇ? ಹೊಸ ಸಿನಿಮಾ ಬಂದ ದಿನ ಬೆಳಿಗ್ಗೆ ಒಬ್ಬನೇ ಖಾಲಿ ಟಾಕೀಸಿನಲ್ಲಿ ಕೂತು, ಪೂರ್ತಿ ಮೈಮೇಲೆ ತೆಗೆದುಕೊಂಡು, ಹೊರಗಿನ ಕರಿ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುವವನೇ ಮೈನೋಟದವನು. ‘ಮೊದಲರ್ಧ: ಸೊಳ್ಳೆ. ಎರಡನೇ ಅರ್ಧ: ನಾಯಕಿಗೆ ಹಲ್ಲುನೋವು, ಲವಂಗ ತನ್ನಿ.’ ಹೀಗೆ. ಮೂವತ್ತು ವರ್ಷದಿಂದ ಆ ಕೆಲಸ ನನ್ನದು. ನನ್ನ ಹೆಸರು ಗುರುಪಾದ. ಮೈ ಎಂಬುದೊಂದು ನನಗೆ ಸ್ವಂತಕ್ಕಿಂತ ಊರಿಗಾಗಿಯೇ ದೇವರು ಕೊಟ್ಟದ್ದು ಎಂದು ನಾನು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ. ಜಂಭ ಇತ್ತು, ಇಲ್ಲವೆನ್ನುವುದಿಲ್ಲ. ನನ್ನ ಹೆಂಡತಿ ಸಾವಂತ್ರಿ ಟಾಕೀಸಿನ ಬಾಗಿಲಲ್ಲಿ ಚುರುಮುರಿ ಮಾರುತ್ತಾಳೆ. ಅವಳು ಈ ಜಂಭಕ್ಕೆ ಈರುಳ್ಳಿ ಹೆಚ್ಚಿದಷ್ಟೇ ಬೆಲೆ ಕೊಡುತ್ತಾಳೆ.

ನಮಗೆ ಮಕ್ಕಳಿರಲಿಲ್ಲ. ಎರಡು ವರ್ಷದ ಕೆಳಗೆ ಚಂಪಾ ಬಂದಳು. ಆಗ ಅವಳಿಗೆ ಎಂಟು. ಯಾವುದೋ ಊರಿನಲ್ಲಿ ಬಂಧುಗಳ ಮನೆಯಲ್ಲಿದ್ದಳಂತೆ, ಅಲ್ಲಿಂದ ಪೊಲೀಸರು ಬಿಡಿಸಿ ತಂದು ಸರಕಾರದ ಮಕ್ಕಳ ಮನೆಯಲ್ಲಿ ಇಟ್ಟಿದ್ದರು, ಅಲ್ಲಿಂದ ನಮ್ಮಲ್ಲಿಗೆ. ಅವಳ ಜೊತೆ ಬಂದ ಕಾಗದದಲ್ಲಿ ಏನೇನು ಬರೆದಿತ್ತೋ ಅದನ್ನು ಸಾವಂತ್ರಿ ಓದಿ, ಮಡಚಿ, ಪೆಟ್ಟಿಗೆಯ ತಳಕ್ಕೆ ಹಾಕಿ ಒಂದು ದಿನ ಅಡುಗೆ ಮಾಡಲಿಲ್ಲ. ಚಂಪಾ ತಾನಾಗಿ ಒಂದು ಮಾತೂ ಹೇಳಿರಲಿಲ್ಲ. ಊಟ ಮಾಡುತ್ತಿದ್ದಳು, ಶಾಲೆಗೆ ಹೋಗುತ್ತಿದ್ದಳು, ಲೆಕ್ಕದಲ್ಲಿ ನನ್ನನ್ನು ಸೋಲಿಸುತ್ತಿದ್ದಳು. ಆದರೆ ಯಾರಾದರೂ ಕೈ ಎತ್ತಿದರೆ ಸಾಕು, ತಲೆ ಭುಜದೊಳಗೆ ಇಳಿದುಬಿಡುತ್ತಿತ್ತು. ನಾನು ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ತೆಗೆಯಲು ಕೈ ಎತ್ತಿದ ಮೊದಲ ದಿನ ಅವಳು ಮೇಜಿನ ಕೆಳಗೆ ಹೋದವಳು ಸಂಜೆಯವರೆಗೆ ಬರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲೊಂದು ಪದ್ಧತಿ. ಯಾರೇ ಆಗಲಿ ಕೈ ಎತ್ತುವ ಮುಂಚೆ ‘ಕೈ ಎತ್ತತೀನವ್ವಾ’ ಎಂದು ಕೂಗಿ ಹೇಳಬೇಕು. ಅವಳು ಅಂಗಳಕ್ಕೆ ಹೋಗಿ ನಿಲ್ಲುತ್ತಾಳೆ, ನಾವು ಎತ್ತುವ ಕೆಲಸವೆಲ್ಲ ಮುಗಿಸಿ ‘ಇಳಿಸಿದೆ’ ಎನ್ನುತ್ತೇವೆ, ಅವಳು ಒಳಗೆ ಬರುತ್ತಾಳೆ. ಈ ಪದ್ಧತಿ ಮನೆಯಿಂದ ಓಣಿಗೆ, ಓಣಿಯಿಂದ ಊರಿಗೆ ಹಬ್ಬಿತು. ಗರಡಿಯ ಹುಸೇನಪ್ಪ ಪೈಲ್ವಾನ, ಎಮ್ಮೆಯಂಥ ಆಳು, ರಸ್ತೆಯ ಆಚೆಯಿಂದ ನನಗೆ ನಮಸ್ಕಾರ ಮಾಡುವ ಮುಂಚೆ ‘ಚಂಪವ್ವಾ, ಕೈ ಎತ್ತತೀನಿ ನೋಡವ್ವಾ!’ ಎಂದು ಗುಡುಗುತ್ತಿದ್ದ. ಆ ಗುಡುಗಿಗೆ ಹಸುಗಳು ಬೆದರಿ ಓಡುತ್ತಿದ್ದವು, ಚಂಪಾ ಬೆದರುತ್ತಿರಲಿಲ್ಲ. ಆದರೆ ತಲೆಯನ್ನು ಮಾತ್ರ ಅವಳು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತಾನೇ ಬಾಚಿಕೊಳ್ಳುತ್ತಿದ್ದಳು, ಬೈತಲೆ ಸೊಟ್ಟಸೊಟ್ಟ. ಸಾವಂತ್ರಿ ಕೊಬ್ಬರಿ ಎಣ್ಣೆಯ ಬಾಟ್ಲಿ ಹಿಡಿದು ಎರಡು ವರ್ಷ ಕಾದಳು.

ಹೀಗಿರುವಾಗ ಆ ಸಿನಿಮಾ ಬಂತು. ಪೋಸ್ಟರಿನಲ್ಲಿ ಹತ್ತು ವರ್ಷದ ಹುಡುಗಿ ಮೂಲೆಯಲ್ಲಿ ಮುದುಡಿ ಕೂತಿದ್ದಾಳೆ, ಗೋಡೆಯ ಮೇಲೆ ಎತ್ತಿದ ಕೈಯ ನೆರಳು. ಹೆತ್ತ ಅಪ್ಪನೇ ಹೊಡೆದು ಬಡಿದು ಹಾಳು ಮಾಡಿದ ಮಗುವಿನ ಕಥೆಯಂತೆ. ಪೇಪರಿನವರು ಒಕ್ಕೊರಲಿನಿಂದ ಬರೆದಿದ್ದರು: ‘ಆ ಹುಡುಗಿಯದು ನಟನೆ ಅನ್ನಿಸುವುದೇ ಇಲ್ಲ.’ ಬೇರೆ ಊರಿನವರಿಗೆ ಅದು ಹೊಗಳಿಕೆ, ನಮಗೆ ಬೆದರಿಕೆ. ನಟನೆಯಲ್ಲದಿದ್ದರೆ ಮತ್ತೇನು? ಯಾರ ಮೈಮೇಲೆ ಬರಬೇಕು ಅದು?

ಚಂಪಾ ಪೋಸ್ಟರಿನ ಮುಂದೆ ಶಾಲೆಯ ಚೀಲ ಹೊತ್ತುಕೊಂಡು ಅರ್ಧ ಗಂಟೆ ನಿಂತಿದ್ದಳು. ಮನೆಗೆ ಬಂದು ಕೇಳಿದಳು: “ಕಾಕಾ, ಅಕೀನ ಖರೇನ ಬಡದಾರೇನು?”

“ಸಿನಿಮಾ ಅಲ್ಲೇನವ್ವ ಅದು,” ಅಂದೆ.

“ನೀನs ಹೇಳ್ತಿದ್ದೆಲ್ಲ, ಮೈಗೆ ಖರೆ ಗೊತ್ತಿರತದ ಅಂತ. ನಾಳೆ ನೋಡಿ ಹೇಳು.”

ಎರಡು ವರ್ಷದಲ್ಲಿ ಅವಳು ನನ್ನಿಂದ ಕೇಳಿದ ಮೊದಲ ವಸ್ತು ಅದು. ಗೊಂಬೆ ಕೇಳಿರಲಿಲ್ಲ, ಲಂಗ ಕೇಳಿರಲಿಲ್ಲ. ನಾನು ಹೂಂ ಅಂದೆ.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಖಾಲಿ ಟಾಕೀಸಿನಲ್ಲಿ ಕೂತೆ. ಸ್ವೆಟರ್ ಹಾಕಿಕೊಂಡಿದ್ದೆ, ಅದರ ಮೇಲೆ ಇನ್ನೊಂದು ಸ್ವೆಟರ್. ಇದರಿಂದ ಏನೂ ಉಪಯೋಗವಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಪರದೆಯ ಮೇಲೆ ಹುಡುಗಿ ಪಾತ್ರೆ ತಿಕ್ಕುತ್ತಿದ್ದಳು. ಬಾಗಿಲು ತೆರೆಯಿತು, ಅಪ್ಪ ಬಂದ, ಕೈ ಎತ್ತಿದ. ಯಾರೂ ಅವಳಿಗೆ ಮೊದಲೇ ಕೂಗಿ ಹೇಳಿರಲಿಲ್ಲ. ಹುಡುಗಿಯ ತಲೆ ಭುಜದೊಳಗೆ ಇಳಿಯಿತು, ಥೇಟ್ ನಮ್ಮ ಚಂಪಾಳ ಹಾಗೆ. ಅಷ್ಟೇ ನಾನು ಕಂಡದ್ದು. ಕಣ್ಣು ಮುಚ್ಚಿ ಎದ್ದೆ, ಓಡಿದೆ, ಮುಂದಿನ ಸಾಲಿನ ಕಬ್ಬಿಣದ ಕುರ್ಚಿಗೆ ಮೊಣಕಾಲು ಹೊಡೆದು ಕಣ್ಣಲ್ಲಿ ಮಿಣುಕುಹುಳ ಹಾರಿದವು. ಹೊರಗೆ ಬಂದು ಬಿಸಿಲಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತ, ಈ ನೋವು ಸಿನಿಮಾದ್ದೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ಸಲ ಹೇಳಿಕೊಂಡ ಮೇಲೆ ನಂಬಿಕೆಯೂ ಬಂತು. ಮೈ ಬಾಡಿಗೆಗೆ ಕೊಟ್ಟವನಿಗೆ ತನ್ನ ನೋವು ಯಾವುದು, ಹೆರವರದು ಯಾವುದು ಎಂದು ಮರೆಯುವುದು ಸುಲಭ. ಹಲಗೆಯ ಮೇಲೆ ಬರೆದೆ: ‘ಘೋರ. ಮೊಣಕಾಲಿಗೆ ಭಾರೀ ಪೆಟ್ಟು. ಉಳಿದದ್ದು ಬರೆಯಲಾಗದು. ಮಕ್ಕಳಿಗೆ ಬೇಡ.’

ಅಂದು ಶನಿವಾರ, ಅರ್ಧ ದಿನದ ಶಾಲೆ; ಚಂಪಾ ಹಲಗೆ ಓದಿಕೊಂಡೇ ಮನೆಗೆ ಬಂದಿದ್ದಳು. “ಪೂರಾ ನೋಡಿದೆಯಾ ಕಾಕಾ?”

“ನೋಡಿದೆ.”

“ಅಕೀನ ಎಲ್ಲಿ ಬಡದ್ರು?”

“ಮೊಣಕಾಲಿಗೆ.”

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ, ಪಾಠ ಹೇಳಿಕೊಡುವ ದೊಡ್ಡವರ ತಾಳ್ಮೆ ಇತ್ತು. “ಮೊಣಕಾಲಿಗೆ ಯಾರೂ ಬಡಿಯಂಗಿಲ್ಲ ಕಾಕಾ,” ಅಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈ ಮಗುವಿಗೆ ಅಷ್ಟು ನಿಖರವಾಗಿ ಗೊತ್ತಿದೆ, ನಾನು ಇವಳಿಗೇ ಸುಳ್ಳು ಹೇಳಲು ಹೋಗಿದ್ದೆ.

“ನಾನs ನೋಡ್ತೀನಿ,” ಅಂದಳು. ಬೇಡವೆಂದೆ. ಒಲೆಯ ಹತ್ತಿರದಿಂದ ಸಾವಂತ್ರಿ ಹೊರಳಿಯೂ ನೋಡದೆ ಅಂದಳು: “ಅಕೀ ಬರ್ತಾಳ. ಅಕೀ ಸಾಕಂದ ಗಳಿಗೀಗೆ ಮೂವರೂ ಎದ್ದ ಬರೂಣು. ನೀನೂ ನಡಿ, ಈ ಸಲ ಕಣ್ಣ ತೆರದ ಕುಂದ್ರು.”

ಅಷ್ಟರಲ್ಲಿ ನನ್ನ ಹಲಗೆ ಊರನ್ನು ಹುಚ್ಚೆಬ್ಬಿಸಿತ್ತು. ಜನ ಹೆದರಿ ಮನೆಯಲ್ಲಿ ಕೂರುತ್ತಾರೆಂದು ನಾನು ಎಣಿಸಿದ್ದೆ. ಭಜನಾ ಮಂಡಳಿಯ ಶೇವಂತಕ್ಕ ಬಾವಿಕಟ್ಟೆಯ ಮೇಲೆ ನಿಂತು ಸೊಂಟಕ್ಕೆ ಸೆರಗು ಕಟ್ಟಿ, “ಅಷ್ಟ ಸಣ್ಣ ಕೂಸು ತಡಕೊಂಡೈತಿ, ಐದೈದು ಹಡದ ನಾವು ತಡಕೊಳ್ಳಾಂಗಿಲ್ಲೇನ್ರೇ? ಅದನ್ನ ಒಂದನ್ನ ಬಿಟ್ಟು ಮನ್ಯಾಗ ಕುಂದ್ರೂದು ಹೆಂಗ?” ಎಂದು ಕೇಳಿದಳಂತೆ. ಮುಗಿಯಿತು. ಮಧ್ಯಾಹ್ನ ಎರಡೂವರೆಯ ಆಟಕ್ಕೆ ಟಾಕೀಸು ತುಂಬಿ ತುಳುಕಿತು. ಎಲ್ಲರ ಮೊಣಕಾಲೂ ಕಟ್ಟಿತ್ತು! ಕೌದಿ ಸುತ್ತಿಕೊಂಡವರು, ಇಳಕಲ್ ಸೀರೆ ಸುತ್ತಿಕೊಂಡವರು, ಹೈಸ್ಕೂಲಿನ ಕ್ರಿಕೆಟ್ ಪ್ಯಾಡು ಎರವಲು ತಂದವರು. ಪೋಸ್ಟ್ ಮಾಸ್ತರರು ಎರಡು ತೆಂಗಿನ ಚಿಪ್ಪನ್ನು ಸುತಳಿಯಿಂದ ಬಿಗಿದುಕೊಂಡಿದ್ದರು. ಹುಸೇನಪ್ಪ ಪೈಲ್ವಾನ ಪ್ರತಿ ಕಾಲಿಗೆ ಒಂದೊಂದು ತಲೆದಿಂಬು ಕಟ್ಟಿಕೊಂಡು ಬಾತುಕೋಳಿಯ ಹಾಗೆ ನಡೆದು ಬಂದ. ಕೂರುವಾಗ ಫಜೀತಿ: ಕಾಲು ಮಡಚಲಿಕ್ಕೇ ಬಾರದು. ಆರುನೂರು ಜನ ಕಾಲು ನೆಟ್ಟಗೆ ಮುಂದೆ ಚಾಚಿ, ಮುಂದಿನವರ ಬೆನ್ನಿಗೆ ಒದ್ದು, ಹಿಂದಿನವರಿಂದ ಒದೆಸಿಕೊಂಡು ಕೂತರು. ಸಿನಿಮಾ ಶುರುವಾಗುವ ಮುಂಚೆಯೇ ಜಗಳ, ಜಗಳಕ್ಕಿಂತ ಜೋರು ನಗು. ನಾನು ಮಾತ್ರ ಬಾಗಿಲ ಚಿಲಕ ತೆಗೆದಿದೆಯೇ ಎಂದು ಎರಡು ಸಲ ನೋಡಿ ಬಂದೆ.

ಬಾಗಿಲ ಪಕ್ಕದ ಮೂರು ಕುರ್ಚಿ ನಮ್ಮವು. ನಡುವೆ ಚಂಪಾ, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು.

ಹುಡುಗಿ ಪಾತ್ರೆ ತಿಕ್ಕುವ ದೃಶ್ಯ ಬಂತು. ಮುರುಕು ಮನೆ, ನಡುಗುವ ಬೆರಳು, ಚಳಿಗಾಲದ ಬೆಳಗು. ನೋಡಿದರೆ ಕರುಳು ಹಿಂಡುತ್ತದೆ. ಕತ್ತಲಲ್ಲಿ ಶೇವಂತಕ್ಕನ ದನಿ ಕೇಳಿತು: “ಅಯ್ಯ! ಬಿಸಿನೀರs! ನನ್ನ ಸೊಸಿ ನನಗೂ ಇಷ್ಟು ಬೆಚ್ಚಗ ಕೊಡಂಗಿಲ್ಲಲ್ಲ!” ಹೌದು, ಕೈಯೆಲ್ಲ ಬೆಚ್ಚಗೆ. ಬೆಳಿಗ್ಗೆಯೂ ಅದು ನನ್ನ ಕೈಗೆ ಬಂದಿತ್ತು, ನಾನು ಗಮನ ಕೊಟ್ಟಿರಲಿಲ್ಲ. ಅಪ್ಪ ಬಂದ. ಅವನ ಕೆಂಪು ಕಣ್ಣಿನ ಮುಖ ಪರದೆ ತುಂಬಿದಾಗ ನಮ್ಮೆಲ್ಲರ ಅಂಗೈ ಬೆವರಿತು, ಎದೆ ಡವಡವ ಅಂದಿತು. ಆ ಪಾತ್ರ ಮಾಡಿದ ಮನುಷ್ಯ, ಪಾಪ, ಹೆದರಿ ನಡುಗುತ್ತಿದ್ದ. ಕೈ ಎತ್ತಿದ. ಆರುನೂರು ಜನ ಆರುನೂರು ಜೊತೆ ಮೊಣಕಾಲು ಅವುಚಿಕೊಂಡರು. ಛಟೀರ್ ಎಂದು ಸದ್ದು.

ಕೆನ್ನೆಗೆ ಒಂದಿಷ್ಟು ಗಾಳಿ ಬೀಸಿತು. ಅಷ್ಟೇ.

ಮತ್ತೆ ಸದ್ದು, ಮತ್ತೆ ಗಾಳಿ. ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಆಮೇಲೆ ಹುಡುಗಿ ಒಬ್ಬಳೇ ಕೂತು ಬೆನ್ನಿನ ಅಂಗಿ ಎತ್ತಿ ಕನ್ನಡಿಯಲ್ಲಿ ಬಾಸುಂಡೆ ನೋಡಿಕೊಳ್ಳುತ್ತಾಳೆ. ಅಳದ ಕಣ್ಣಿಲ್ಲ ಟಾಕೀಸಿನಲ್ಲಿ. ಅದೇ ಹೊತ್ತಿಗೆ ನಮ್ಮ ಬೆನ್ನಿನ ಮೇಲೆ ತಣ್ಣನೆಯ ಕುಂಚ ಆಡಿತು! ಮೇಕಪ್ಪಿನ ಬಣ್ಣದವರು ಗಾಯ ತಿದ್ದಿ ಮುಗಿಸಿರಲಿಲ್ಲವೇನೋ, ಪರದೆಯಲ್ಲಿ ಮುಖವೊಂದೇ ಇದ್ದಾಗ ನಡುನಡುವೆ ಬಂದು ಬಳಿಯುತ್ತಿದ್ದರು. ಎಂಥ ಕಚಗುಳಿ! ಆರುನೂರು ಜನ ಕಣ್ಣಲ್ಲಿ ಧಾರೆ ಸುರಿಸುತ್ತ ಪಕ್ಕೆ ಹಿಡಿದು ಹೊರಳಾಡಿದರು. ಪೈಲ್ವಾನ “ಅಯ್ಯಯ್ಯೋ ಕೂಸs, ಅಯ್ಯಯ್ಯೋ ಕೂಸs” ಎಂದು ಅಳುತ್ತಲೇ ಹಿಹಿಹಿ ಎನ್ನುತ್ತಿದ್ದ, ಅವನ ಕುರ್ಚಿ ಲಟಕ್ಕೆಂದಿತು. ಹುಡುಗಿಯನ್ನು ಕತ್ತಲೆಯ ಕೋಣೆಗೆ ತಳ್ಳಿ ಚಿಲಕ ಹಾಕಿದರು, ಪರದೆಯ ಮೇಲೆ ಅವಳ ಮುಖವೊಂದೇ. ನಮ್ಮ ಬಾಯಿಯೊಳಗೆ ಪೆಪ್ಪರಮಿಂಟು ಕರಗಿತು. ಪರದೆಯಲ್ಲಿ ಕಾಣದ ಕಡೆ ಯಾರೋ ನಮ್ಮ ಎಡಗೈ ಹಿಡಿದುಕೊಂಡರು. ಬಳೆ ತೊಟ್ಟ ಕೈ, ಅಮ್ಮನಂಥದು. ಹುಡುಗಿ ಅಲ್ಲಿ ಕಿರುಚುವಷ್ಟೂ ಹೊತ್ತು ಆ ಕೈ ಬಿಡಲಿಲ್ಲ.

ನಾನು ಚಂಪಾಳನ್ನು ನೋಡಿದೆ. ಅವಳ ಎಡಗೈ ತೊಡೆಯ ಕೆಳಗಿನಿಂದ ಹೊರಗೆ ಬಂದು ಗಾಳಿಯಲ್ಲಿ ಯಾರನ್ನೋ ಹಿಡಿದಿತ್ತು.

ಆಮೇಲೆ ಬಂದದ್ದೇ ಪೇಪರಿನವರೆಲ್ಲ ಬರೆದ ದೃಶ್ಯ. ಅಪ್ಪ ಮಗಳ ಕೂದಲು ಹಿಡಿದು ಅಂಗಳದುದ್ದಕ್ಕೂ ಎಳೆದುಕೊಂಡು ಹೋಗುತ್ತಾನೆ. ಹುಡುಗಿಯ ಮುಖ ನೋವಿನಿಂದ ಹರಿದುಹೋದ ಹಾಗೆ. ನಟನೆ ಅನ್ನಿಸುವುದೇ ಇಲ್ಲ, ಖರೇ. ಸಾವಂತ್ರಿ ಸೆರಗು ಬಾಯಿಗೆ ತುರುಕಿಕೊಂಡಳು. ನಮ್ಮ ತಲೆಗಳ ಮೇಲೆ ಒಂದು ದೊಡ್ಡ ಬೆಚ್ಚನೆಯ ಅಂಗೈ ಬಂದು ಕೂತಿತು. ಕೂದಲು ಎಳೆಯಲೇ ಇಲ್ಲ. ಹುಡುಗಿಯೇ ಕಾಲು ಎಳೆದುಕೊಂಡು ಬರುತ್ತಿದ್ದಳು, ಆ ಕೈ ಸುಮ್ಮನೆ ಜೊತೆಗೆ ಬರುತ್ತಿತ್ತು. ಮುಷ್ಟಿಯ ಮರೆಯಲ್ಲಿ ಹೆಬ್ಬೆರಳೊಂದು ನೆತ್ತಿಯನ್ನು ಮೆಲ್ಲಗೆ ನೀವುತ್ತಿತ್ತು: ಹೆದರಬ್ಯಾಡ, ಹೆದರಬ್ಯಾಡ, ಆತು, ಇನ್ನೊಂದೀಟು.

ಚಂಪಾ ತಟ್ಟನೆ ಎದ್ದು ನಿಂತು ಎರಡೂ ಕೈಯಿಂದ ತನ್ನ ತಲೆ ಮುಟ್ಟಿಕೊಂಡಳು. “ಅಕೀನ ಯಾರೂ ಬಡದಿಲ್ಲ!” ಎಂದು ಕೂಗಿದಳು. “ಕಾಕಾ! ಚಿಗವ್ವಾ! ಅಕೀನ ಯಾರೂ ಬಡದs ಇಲ್ಲ!”

ಟಾಕೀಸಿನ ಮಾಡು ಹಾರಿಹೋಗುವಂಥ ಸಿಳ್ಳೆ! ಕೌದಿ ಬಿಚ್ಚಿ ಎಸೆದರು, ಪ್ಯಾಡು ಎಸೆದರು, ದಿಂಬುಗಳು ಹಾರಿದವು, ಪೋಸ್ಟ್ ಮಾಸ್ತರರ ಚಿಪ್ಪು ಪರದೆಗೆ ಬಡಿದು ಠಣ್ ಎಂದಿತು. ಮೇಲೆ ಒಂದು ಮಗುವನ್ನು ಕೂದಲು ಹಿಡಿದು ಎಳೆಯುತ್ತಿದ್ದಾರೆ, ಕೆಳಗೆ ಊರೇ ಕುಣಿಯುತ್ತಿದೆ. ಪರ ಊರಿನವರು ಯಾರಾದರೂ ನೋಡಿದ್ದರೆ ನಮಗೆ ಉಗಿದು ಹೋಗುತ್ತಿದ್ದರು. ಶೇವಂತಕ್ಕ ಎರಡೂ ಕೈಯಿಂದ ಆ ರಾಕ್ಷಸ ಅಪ್ಪನಿಗೆ ಪರದೆಯ ಕಡೆ ನೆಟಿಗೆ ಮುರಿದು ದೃಷ್ಟಿ ತೆಗೆದಳು. “ನಿನ್ನ ಹೊಟ್ಟಿ ತಣ್ಣಗಿರಲಿ ನನ್ನಪ್ಪಾ!” ಅವಳ ಕೈ ಆಕಾಶಕ್ಕೆ ಎದ್ದಿತ್ತು. ಊರಿನವರೆಲ್ಲರ ಕೈಯೂ ಎದ್ದಿತ್ತು, ಯಾರೂ ಕೂಗಿ ಹೇಳಿರಲಿಲ್ಲ. ಗಾಬರಿಯಿಂದ ಚಂಪಾಳ ಕಡೆ ತಿರುಗಿದೆ. ಅವಳು ನಗುತ್ತಿದ್ದಳು. ಮುಂದಿನ ಹಲ್ಲೊಂದು ಸೊಟ್ಟಗಿದೆಯೆಂದು ನಾನು ಕಂಡದ್ದು ಆ ದಿನವೇ.

ಗದ್ದಲ ಇಳಿಯುವ ಮುಂಚೆ ಅವಳು ಕೂತುಕೊಂಡಳು. ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ಅಂದಳು: “ನನಗ ಬಡದಿದ್ರು ಕಾಕಾ. ನಂದ್ರಾಗ ಪೆಪ್ಪರಮಿಂಟ ಇರಲಿಲ್ಲ.”

ಸಾವಂತ್ರಿ ಅಂದಳು: “ಹೇಳವ್ವಾ.”

ಹೇಳಿದಳು. ಸಿನಿಮಾ ಮುಗಿಯುವವರೆಗೂ ಹೇಳಿದಳು. ಅವಳು ಹೇಳಿದ್ದನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವಳದು. ನಡುವೆ ಮತ್ತೆ ಆ ಕುಂಚ ಬಂತು. ಅಳುತ್ತ ಹೇಳುತ್ತಿದ್ದವಳು ಕಿಸಕ್ಕನೆ ನಕ್ಕು, ಬೆನ್ನು ಕೊಡವಿಕೊಂಡು, ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದಳು. ನಾನು ಹೊರಗೆ ಓಡಲಿಲ್ಲ. ಮೂವತ್ತು ವರ್ಷದಲ್ಲಿ ಯಾವ ನಟನ ನೋವೂ ನನ್ನ ಮೈಗೆ ಅಷ್ಟು ತಾಗಿರಲಿಲ್ಲ, ಅದನ್ನು ತಂದು ಮುಟ್ಟಿಸಲಿಕ್ಕೆ ಯಾವ ಪರದೆಯೂ ಬೇಕಾಗಿರಲಿಲ್ಲ. ಪೂರ್ತಿ ಕೇಳಿದೆ.

ಆಟ ಬಿಟ್ಟ ಮೇಲೆ ನೆಟ್ಟಗೆ ಹೋಗಿ ಹಲಗೆ ಒರೆಸಿ, ಎಲ್ಲರೂ ನೋಡುತ್ತಿದ್ದ ಹಾಗೆಯೇ ಬರೆದೆ: ‘ಮೈನೋಟದವನು ಹೆದರಿ ಅರ್ಧಕ್ಕೆ ಎದ್ದಿದ್ದ. ಮೊಣಕಾಲು ಅವನದೇ. ಸಿನಿಮಾದ್ದು: ಬಿಸಿನೀರು, ಗಾಳಿ, ಕಚಗುಳಿ, ಪೆಪ್ಪರಮಿಂಟು, ಹಿಡಿದ ಕೈ, ತಲೆಯ ಮೇಲೆ ಹೆಬ್ಬೆರಳು. ಆ ಹುಡುಗಿಯನ್ನು ಯಾರೂ ಹೊಡೆದಿಲ್ಲ.’ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಊರಿನಲ್ಲಿ ನನ್ನ ಹೆಸರು ಮೊಣಕಾಲು ಗುರುಪಾದ. ಇರಲಿ, ಉಂಡದ್ದು ಜೀರ್ಣಿಸಿಕೊಳ್ಳಲೇಬೇಕು. ಸಿನಿಮಾ ನಮ್ಮಲ್ಲಿ ಎಪ್ಪತ್ತು ದಿನ ಓಡಿತು. ಮನೆಯಲ್ಲಿ ಯಾರೂ ತಲೆ ಮುಟ್ಟದ ಮುದುಕಿಯರು ದಿನಾ ಬಂದು ಆ ಒಂದು ದೃಶ್ಯಕ್ಕೆ ಕಣ್ಣು ಮುಚ್ಚಿ ಕೂರುತ್ತಿದ್ದರು.

ಆದರೆ ಅದು ಆಮೇಲಿನ ಮಾತು. ಆ ದಿನ ಸಂಜೆ ನಾನು ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಅರಿಸಿನ ಹಚ್ಚುತ್ತಿದ್ದೆ. ಚಂಪಾ ಒಳಗಿನಿಂದ ತಲೆ ಬಾಚುವ ಹಣಿಗೆ ಮತ್ತು ಎಣ್ಣೆ ಬಾಟ್ಲಿ ತಂದಳು. ಎರಡು ವರ್ಷ ಕಾದ ಸಾವಂತ್ರಿ ಬಾಗಿಲಲ್ಲೇ ನಿಂತಿದ್ದಳು. ಅವಳ ಕೈಗೆ ಹಣಿಗೆ ಕೊಟ್ಟು, “ನೀ ಆಮ್ಯಾಲೆ ಚಿಗವ್ವಾ, ಮೊದಲು ಕಾಕಾ,” ಅಂದಳು. ನನ್ನ ಮುಂದೆ ಬೆನ್ನು ಮಾಡಿ ಕೂತಳು. ಸೊಟ್ಟ ಬೈತಲೆ ನನ್ನ ಕಣ್ಣೆದುರು.

“ಆ ರಾಕ್ಷಸ ಕೈ ಇಟ್ಟಿದ್ನಲ್ಲ ಕಾಕಾ, ಹಂಗ ಇಡು.”

ಹೆಂಗಸರ ತಲೆ ಬಾಚಿ ಗೊತ್ತಿಲ್ಲದ ಕೈ, ಮೇಲಾಗಿ ಅರಿಸಿನ ಮೆತ್ತಿದ ಕೈ. ಪಂಚೆಗೆ ಒರೆಸಿಕೊಂಡೆ. ಪದ್ಧತಿ ಪದ್ಧತಿಯೇ, ಕೂಗಿದೆ: “ಕೈ ಎತ್ತತೀನವ್ವಾ!”

ಅವಳು ಅಂಗಳಕ್ಕೆ ಹೋಗಲಿಲ್ಲ.

“ಎತ್ತು,” ಅಂದಳು.

ಎತ್ತಿದೆ. ತಲೆ ಇದ್ದಲ್ಲೇ ಇತ್ತು.